ಹೋಗಿ ಬರುವ ಟಿಕೆಟ್

ನನ್ನ ಅಕ್ಕ ವೆನೆರಾಗೂ ಕ್ಷೌರದಂಗಡಿಯ ಲಿಲ್ಲೊಗೂ ನಿಶ್ಚಯವಾಗಿ ಎರಡು ವರ್ಷವಾಗಿತ್ತು. ಆ ಎರಡು ವರ್ಷದಲ್ಲಿ ಒಂದು ಸಲವಾದರೂ ಅವರಿಬ್ಬರೇ ಕೂತು ಮಾತಾಡಿರಲಿಲ್ಲ. ಭಾನುವಾರ ಮಧ್ಯಾಹ್ನ ಅವನು ನಮ್ಮ ಮನೆಗೆ ಬರುತ್ತಿದ್ದ. ಅವನದೊಂದು ಕುರ್ಚಿ, ಅಕ್ಕನದೊಂದು ಕುರ್ಚಿ, ನಡುವೆ ಬಿಯಾಜಾ ಅತ್ತೆಯದು. ಅತ್ತೆ ಜಪಮಣಿ ಹಿಡಿದು ತೂಕಡಿಸುವಳು. ಯಾವ ಕುರ್ಚಿ ಒಂದು ಬೆರಳಷ್ಟು ಸರಿದರೂ ಒಂದು ಕಣ್ಣು ತೆರೆಯುವಳು.

ನಮ್ಮದು ರೊಕ್ಕಾಮೆಂಡೊಲಾ, ಸಿಸಿಲಿಯ ಒಳನಾಡಿನ ಗುಡ್ಡದ ಮೇಲಿನ ಊರು. ನಾನು ಹೇಳುತ್ತಿರುವುದು ಸಾವಿರದ ಒಂಬೈನೂರ ಅರವತ್ತನಾಲ್ಕರ ಮಾರ್ಚಿನ ಮಾತು. ಆಗ ನಮ್ಮಲ್ಲಿ ಹುಡುಗಿ ಒಬ್ಬ ಗಂಡಸಿನ ಜೊತೆ ಊರು ದಾಟಿದಳೆಂದರೆ ಅಲ್ಲಿಗೆ ಮುಗಿಯಿತು. ಏನಾಯಿತು, ಏನಾಗಲಿಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಎರಡು ದಿನ ಬಿಟ್ಟು, ಬೆಳಕು ಹರಿಯುವ ಮುಂಚೆ, ಚರ್ಚಿನ ಹಿಂದಿನ ಕೋಣೆಯಲ್ಲಿ ಮದುವೆ. ಬಿಳಿ ಉಡುಪಿಲ್ಲ, ಗಂಟೆ ಬಾರಿಸುವುದಿಲ್ಲ, ಊಟವಿಲ್ಲ. ಕೆಲವು ಜೋಡಿಗಳು ಬೇಕೆಂದೇ ಓಡಿಹೋಗುತ್ತಿದ್ದರು. ಮೀನಮೇಷ ಎಣಿಸುವ ಅಪ್ಪಂದಿರನ್ನು ದಾರಿಗೆ ತರಲು ಅದೊಂದೇ ಉಪಾಯ.

ಅಕ್ಕನಿಗೆ ಓಡಿಹೋಗುವುದು ಬೇಕಿರಲಿಲ್ಲ. ಅವಳಿಗೆ ಮೊನ್ರೆಯಾಲೆಯ ಚರ್ಚು ನೋಡಬೇಕಿತ್ತು. ಶಾಲೆಯಲ್ಲಿ ಟೀಚರು ಒಮ್ಮೆ ಅದರ ಚಿತ್ರ ತೋರಿಸಿದ್ದರು: ಗೋಡೆ ತುಂಬ ಬಂಗಾರದ ಹರಳು, ಮೇಲೆ ದೊಡ್ಡ ಕಣ್ಣಿನ ಕ್ರಿಸ್ತ. ಪಲೆರ್ಮೊವರೆಗೆ ರೈಲು, ಅಲ್ಲಿಂದ ಬಸ್ಸು. ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ಅಪ್ಪನನ್ನು ಕೇಳಿದಳು. ಅಪ್ಪ ಗಂಧಕದ ಗಣಿಯಲ್ಲಿ ದುಡಿಯುವವನು, ಮಾತು ಕಡಿಮೆ. “ಮದುವೆ ಆದ್ಮೇಲೆ ಗಂಡ ತೋರಿಸ್ತಾನೆ” ಅಂದ. ಲಿಲ್ಲೊನೂ ಅದನ್ನೇ ಹೇಳಿದ.

“ಅಮ್ಮಂಗೂ ಹಿಂಗೇ ಹೇಳಿದ್ರಂತೆ” ಅಂದಳು ಅಕ್ಕ ನನ್ನ ಹತ್ತಿರ. “ಇಪ್ಪತ್ತಾರು ವರ್ಷ ಆಯ್ತು. ಈ ಕಡಲ ಬದಿಯ ತೆರ್ಮಿನಿ ಪೇಟೆ ದಾಟಿಲ್ಲ. ಅದೂ ಹಲ್ಲು ಕೀಳಿಸೋಕೆ ಹೋಗಿದ್ದು.”

ಬುಧವಾರ ನನ್ನ ಕೈಗೊಂದು ಚೀಟಿ ಕೊಟ್ಟಳು. ಅಪ್ಪನ ಕ್ಷೌರದ ಕತ್ತಿಗೆ ಸಾಣೆ ಹಿಡಿಸುವ ನೆಪದಲ್ಲಿ ನಾನು ಲಿಲ್ಲೊನ ಅಂಗಡಿಯ ಹಿಂಬಾಗಿಲಿಗೆ ಹೋಗಿ ಅದನ್ನು ತಲುಪಿಸಬೇಕು. ಚೀಟಿಯಲ್ಲಿ ಇದ್ದದ್ದಿಷ್ಟು: ‘ನಾಳೆ ಬೆಳಗಿನ ಗಾಡಿಗೆ ಮೊನ್ರೆಯಾಲೆ ನೋಡಲು ಹೋಗುತ್ತಿದ್ದೇನೆ. ಸಂಜೆಯ ಗಾಡಿಗೆ ವಾಪಸ್. ಬರುವ ಹಾಗಿದ್ದರೆ ಬಾ.’

“ಅವ್ನು ಯಾಕಕ್ಕ? ಒಬ್ಳೇ ಹೋಗ್ಬಾ” ಅಂದೆ.

“ಒಬ್ಳೇ ಹೋದ್ರೂ ಬಯ್ತಾರೆ, ಇಬ್ರು ಹೋದ್ರೂ ಬಯ್ತಾರೆ. ಇಡೀ ಆಯುಷ್ಯ ಜೊತೆಗಿರೋನು ಒಂದು ದಿನ ಹೆಂಗಿರ್ತಾನೆ ಅಂತ ನೋಡ್ಬೇಡ್ವೇನೆ, ನಿನ್ಫಾ? ಅತ್ತೆ ಕುರ್ಚಿ ಆಚೆಯಿಂದ ಎಷ್ಟು ಕಾಣುತ್ತೆ?”

ಮುಂದಿನದನ್ನು ಅಕ್ಕ ನನಗೆ ಒಂದೊಂದು ಮಾತನ್ನೂ ಬಿಡದೆ ಹೇಳಿದ್ದಾಳೆ.

ನಮ್ಮ ಸ್ಟೇಷನ್ ಗುಡ್ಡದ ಬುಡದಲ್ಲಿ, ಊರಿಂದ ನಾಲ್ಕು ಕಿಲೋಮೀಟರ್ ಕೆಳಗೆ. ಅಕ್ಕ ಮಬ್ಬುಗತ್ತಲಲ್ಲಿ ಇಳಿದು ಹೋಗಿ, ತಾನು ಹೊಲಿಗೆ ಹಾಕಿ ಕೂಡಿಟ್ಟ ದುಡ್ಡಲ್ಲಿ ಹೋಗಿ-ಬರುವ ಟಿಕೆಟ್ ಕೊಂಡಳು. ಗಾಡಿ ಬರುವ ಹೊತ್ತಿಗೆ ಲಿಲ್ಲೊ ಓಡೋಡಿ ಬಂದ. ನುಣ್ಣಗೆ ಬೋಳಿಸಿದ ಕೆನ್ನೆ, ಮೈಗೆ ಸೆಂಟು, ಕೈಯಲ್ಲೊಂದು ಪುಟ್ಟ ಸೂಟ್‌ಕೇಸು.

“ಇದ್ಯಾಕೆ?”

“ಒಂದು ಶರ್ಟು ಅಷ್ಟೆ. ಗಾಡೀಲಿ ಧೂಳು.”

ಅಕ್ಕ ನಂಬಿದಳು. ಎರಡು ಬೋಗಿಯ ಆ ಗಾಡಿ ಹಸಿರು ಗೋಧಿ ಹೊಲಗಳ ನಡುವೆ ಕುಲುಕುತ್ತ ಇಳಿಯಿತು. ಮೊದಲ ಸಲ ಇಬ್ಬರೂ ಎದುರುಬದುರು ಕೂತಿದ್ದರು, ನಡುವೆ ಯಾರೂ ಇಲ್ಲ. ಲಿಲ್ಲೊ ತನ್ನ ಗಿರಾಕಿಗಳ ಕಥೆ ಹೇಳಿದ; ಮೇಯರಿನ ತಲೆಯ ಹಿಂಭಾಗದಲ್ಲಿ ಮೊಟ್ಟೆಯಾಕಾರದ ಬೋಳಿದೆಯೆಂದೂ ಅದನ್ನು ಮುಚ್ಚಲು ಅರ್ಧ ಗಂಟೆ ಹಿಡಿಯುತ್ತದೆಂದೂ ಹೇಳಿ ನಗಿಸಿದ. ತೆರ್ಮಿನಿಯ ಹತ್ತಿರ ಬಲಗಡೆ ಇದ್ದಕ್ಕಿದ್ದಂತೆ ಸಮುದ್ರ ಬಂತು. ಅಕ್ಕ ಕಿಟಕಿಯಿಂದ ತಲೆ ಒಳಗೆ ತೆಗೆಯಲೇ ಇಲ್ಲ. ಅವತ್ತು ಅರ್ಧ ದಿನ ತನಗೆ ಅವನು ಇಷ್ಟವಾಗಿದ್ದ ಎಂದು ಅಕ್ಕ ಈಗಲೂ ಮುಚ್ಚಿಡದೆ ಹೇಳುತ್ತಾಳೆ.

ಮೊನ್ರೆಯಾಲೆಯ ಚರ್ಚಿನಲ್ಲಿ ಅವಳು ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಪುಸ್ತಕ ಓದುವ ಹಾಗೆ, ಒಂದೊಂದೇ ಚಿತ್ರ ನೋಡುತ್ತ ನಡೆದಳು. ಸೃಷ್ಟಿಯಿಂದ ಶುರುವಾಗಿ ನೋಹನ ಹಡಗಿನವರೆಗೆ ಎಲ್ಲ ಅಲ್ಲಿತ್ತು. ಒಂದು ಕಡೆ ನಿಂತುಬಿಟ್ಟಳು. ಏಳನೇ ದಿನ, ದೇವರು ಕೆಲಸ ಮುಗಿಸಿ, ಎರಡೂ ಕೈ ತೊಡೆಯ ಮೇಲೆ ಚೆಲ್ಲಿ, ಸುಮ್ಮನೆ ಕೂತಿದ್ದಾನೆ.

“ನೋಡೋ, ಗಣಿಯಿಂದ ಬಂದ ಅಪ್ಪನ ಥರಾನೇ ಕೂತಿದಾನೆ. ಸುಸ್ತಾಗಿದೆ ಪಾಪ.”

ಲಿಲ್ಲೊ ಗಡಿಯಾರ ನೋಡುತ್ತಿದ್ದ. “ಇನ್ನೂ ಎಷ್ಟು ಗೋಡೆ ಇದೆ?”

“ನೀನು ಕೂತ್ಕೊ. ನಾನು ನೋಡ್ತೀನಿ.”

ಮಧ್ಯಾಹ್ನ ಹೊರಗೆ ಮೆಟ್ಟಿಲ ಮೇಲೆ ಕೂತು, ಕಡಲೆಹಿಟ್ಟಿನ ಬಿಲ್ಲೆ ಕರಿದು ಬ್ರೆಡ್ಡಿನೊಳಗಿಟ್ಟು ಮಾರುತ್ತಾರಲ್ಲ, ಅದನ್ನು ತರಿಸಿದಳು. ಲಿಲ್ಲೊ ಮುಟ್ಟಲಿಲ್ಲ.

“ಹೊಟ್ಟೆ ತುಂಬಿಸ್ಕೋಬೇಡ” ಅಂದ. “ಚಿಕ್ಕಮ್ಮ ಅಡುಗೆ ಮಾಡಿ ಕಾಯ್ತಿರ್ತಾಳೆ.”

“ಯಾವ ಚಿಕ್ಕಮ್ಮ?”

“ಪಲೆರ್ಮೊದಲ್ಲಿ ಇಲ್ವಾ, ನಮ್ಮಮ್ಮನ ತಂಗಿ. ಹಿಂದಿನ ಕೋಣೇಲಿ ಹಾಸಿಗೆ ಎಲ್ಲ ಹಾಕಿಸಿದಾಳೆ. ಎರಡು ದಿನ ಇದ್ದು ಶನಿವಾರ ನಸುಕಿಗೆ…”

ಅಕ್ಕ ಬ್ರೆಡ್ಡು ಅಗಿಯುವುದನ್ನು ನಿಲ್ಲಿಸಿದಳು. ಮೊದಲು ಅವನ ಮುಖ, ಆಮೇಲೆ ಸೂಟ್‌ಕೇಸು ನೋಡಿದಳು.

“ನಿಮ್ಮಮ್ಮಂಗೆ ಹೇಳಿದೀಯ?”

“ಹೇಳ್ದೆ ಇರ್ತೀನಾ? ಇಷ್ಟೊತ್ತಿಗೆ ನಿಮ್ಮಪ್ಪನ ಹತ್ರ ಹೋಗಿ ‘ಮಕ್ಕಳು ಓಡಿಹೋದ್ರು’ ಅಂದಿರ್ತಾಳೆ. ಯಾಕೆ ಹಿಂಗೆ ನೋಡ್ತೀಯ? ಚೀಟಿ ಬರೆದಿದ್ದು ನೀನೇ ಅಲ್ವಾ?”

“ಸಂಜೆ ವಾಪಸ್ ಅಂತ ಬರೆದಿದ್ದೆ. ಓದೋಕೆ ಬರಲ್ವಾ?”

“ಹುಡುಗೀರು ಹಂಗೇ ಬರೀತಾರೆ ಅಂದ್ಳು ಅಮ್ಮ. ಏನೀಗ, ಹೆಂಗಿದ್ರೂ ಮದುವೆ ಆಗೋರೇ ತಾನೆ? ನಿಮ್ಮಪ್ಪ ಇವತ್ತು ನಾಳೆ ಅಂತ ಎಳೀತಾನೇ ಇದಾನೆ. ಒಂದೇ ಸಲಕ್ಕೆ ಮುಗೀತು.”

“ಯಾರಿಗೆ ಮುಗೀತು? ನಾನು ಚರ್ಚ್ ನೋಡೋಕೆ ಬಂದೋಳು. ಓಡಿಬಂದೋಳಲ್ಲ.”

“ಊರೆಲ್ಲ ಗೊತ್ತಾಗಿರುತ್ತೆ, ವೆನೆರಾ. ಇನ್ನು ನೀನು ಬಂದ ಹಾಗೆ ವಾಪಸ್ ಹೋಗೋಕಾಗಲ್ಲ.”

“ಆಗುತ್ತೆ. ನಾಲ್ಕು ಗಂಟೆಗೆ ಗಾಡಿ ಇದೆ.” ಅವಳು ಉಳಿದ ಬ್ರೆಡ್ಡು ಪೂರ್ತಿ ತಿಂದಳು, ಜಾರಿದ ಸ್ಕಾರ್ಫ್ ಸರಿಮಾಡಿಕೊಂಡಳು. “ಇನ್ನೂ ಹೊತ್ತಿದೆ. ಬಂದಿದ್ದೀನಿ, ಸಮುದ್ರದ ದಂಡೆ ನೋಡ್ಕೊಂಡೇ ಹೋಗೋದು.”

ಬೇರೆ ಯಾರಾದರೂ ಅಳುತ್ತ ಸ್ಟೇಷನ್ನಿಗೆ ಓಡುತ್ತಿದ್ದರು. ಅವಳು ಬಸ್ಸಿಳಿದು ಪಲೆರ್ಮೊದ ಕಡಲ ದಂಡೆಯಲ್ಲಿ ಬಂದರಿನವರೆಗೆ ನಡೆದಳು. ಪಿಸ್ತಾ ಐಸ್‌ಕ್ರೀಮ್ ಕೊಂಡು ತಿಂದಳು. ನೇಪಲ್ಸಿಗೆ ಹೊರಟ ಹಡಗಿಗೆ, ಗುರುತಿಲ್ಲದವರಿಗೆ, ಕೈಬೀಸಿದಳು. ಹತ್ತು ಹೆಜ್ಜೆ ಹಿಂದೆ ಲಿಲ್ಲೊ ಸೂಟ್‌ಕೇಸು ಹಿಡಿದು ಬರುತ್ತಿದ್ದ.

ನಾಲ್ಕರ ಗಾಡಿಯಲ್ಲಿ ಅವನೂ ಹತ್ತಿದ. ಬೆಳಿಗ್ಗೆ ಬರೀ ಹೋಗುವ ಟಿಕೆಟ್ ಕೊಂಡಿದ್ದ. ಈಗ ಇನ್ನೊಂದು ಕೊಳ್ಳಬೇಕಾಯಿತು. ತೆರ್ಮಿನಿ ದಾಟಿದ ಮೇಲೆ ಅಕ್ಕನೇ ಮಾತು ಶುರು ಮಾಡಿದಳು.

“ಒಂದು ಕೆಲಸ ಮಾಡು. ನನ್ನ ಜೊತೆ ಮನೆಗೆ ಬಂದು ನಿಜ ಹೇಳು. ಏನೂ ಆಗಿಲ್ಲ, ಚರ್ಚ್ ನೋಡಿ ಬಂದ್ವಿ ಅಂತ. ಅಷ್ಟು ಹೇಳಿದ್ರೆ ನಾನು ಇವತ್ತಿಂದು ಮರೀತೀನಿ. ಸೆಪ್ಟೆಂಬರಲ್ಲಿ ಎಲ್ಲರ ಎದುರಿಗೆ ಮದುವೆ ಆಗೋಣ.”

ಲಿಲ್ಲೊ ಕಿಟಕಿಯ ಕಡೆ ತಿರುಗಿದ. “ಯಾರು ನಂಬ್ತಾರೆ?”

“ನಂಬೋದು ಬಿಡೋದು ಅವರಿಗೆ ಬಿಟ್ಟಿದ್ದು. ನೀನು ಹೇಳು.”

“ನಂಬಿದ್ರೆ ಇನ್ನೂ ಕಷ್ಟ ಕಣೆ. ಇಡೀ ದಿನ ಹುಡುಗಿ ಜೊತೆ ಪಲೆರ್ಮೊದಲ್ಲಿದ್ದು ಚರ್ಚ್ ನೋಡಿ ಬಂದ ಅಂತ ಅಂಗಡೀಲಿ ಗಂಡಸ್ರು ನಗಲ್ವಾ? ನಾನು ಕತ್ತಿ ಹಿಡ್ಕೊಂಡು ಹೆಂಗೆ ನಿಂತ್ಕೊಳ್ಲಿ?”

“ಓಹೋ. ನಿನ್ನನ್ನ ನೋಡಿ ಯಾರೂ ನಗಬಾರದು ಅಂತ ನಾನು ಕತ್ತಲಲ್ಲಿ ಕಳ್ಳಿ ಥರ ಮದುವೆ ಆಗ್ಬೇಕು.”

ಕೆಟ್ಟವನಲ್ಲ ಅವನು, ಹೆದರುಪುಕ್ಕ. ಕಣ್ಣಲ್ಲಿ ನೀರಿತ್ತಂತೆ.

ಊರಲ್ಲಿ ಆಗಿದ್ದನ್ನು ನಾನೇ ಕಂಡೆ. ಮಧ್ಯಾಹ್ನದ ಗಂಟೆ ಬಾರಿಸುತ್ತಿದ್ದ ಹಾಗೆ ಲಿಲ್ಲೊನ ತಾಯಿ ಪಿದ್ದಾ ಒಣಗಿದ ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು ಬಂದಳು. “ಅಯ್ಯೋ, ಈ ಮಕ್ಕಳು ಏನು ಮಾಡ್ಕೊಂಡ್ರು ನೋಡಿ” ಅನ್ನುವಾಗ ಅವಳ ಮುಖದಲ್ಲಿ ಹಬ್ಬದ ಕಳೆ. ಗಣಿಯಿಂದ ಅಪ್ಪನನ್ನು ಕರೆಸಿದರು. “ಅಕ್ಕ ಸಂಜೆ ಬರ್ತಾಳೆ” ಅಂದೆ ನಾನು. ಕೆನ್ನೆಗೊಂದು ಬಿತ್ತು. ಪಾದ್ರಿ ದೊನ್ ಫೆದೇಲೆ ಬಂದರು. ಕಾಫಿ ಕುಡಿದು, ಶನಿವಾರ ಬೆಳಗಿನ ಐದೂವರೆ ಎಂದು ಗೊತ್ತು ಮಾಡಿದರು. ಅಮ್ಮ ಬಟ್ಟಲು ತೊಳೆಯುತ್ತಿದ್ದಳು.

ಸಂಜೆ ಏಳಕ್ಕೆ ಸ್ವಲ್ಪ ಮೊದಲು ಗಾಡಿಯ ಕೂಗು ಕೇಳಿತು. ಸ್ಟೇಷನ್ನಿಂದ ಬರುವ ಬಸ್ಸಿಗೆ ಕಾಯದೆ ಅಕ್ಕ ಏರು ಹತ್ತಿದಳು, ಪಕ್ಕದಲ್ಲಿ ಲಿಲ್ಲೊ. ಊರಬಾಗಿಲಿನ ಕಾರಂಜಿಯ ಹತ್ತಿರ ನೀರಿಗೆ ಬಂದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಅಲ್ಲಿ ಲಿಲ್ಲೊನ ಹೆಜ್ಜೆ ನಿಧಾನವಾಯಿತು. “ನಾನು ಈ ಕಡೆಯಿಂದ ಹೋಗ್ತೀನಿ” ಎಂದು ಗೊಣಗಿ ಬಲಗಡೆಯ ಓಣಿಗೆ ಇಳಿದುಬಿಟ್ಟ.

ಅಕ್ಕ ಹಿಂದಿನ ಓಣಿ ಹಿಡಿಯಲಿಲ್ಲ. ಊರಿನ ಗಂಡಸರೆಲ್ಲ ಕಾಫಿ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂರುವ ಹೊತ್ತು. ಆ ದೊಡ್ಡ ಬೀದಿಯ ನಟ್ಟನಡುವೆ ನಡೆದು ಬಂದಳು. ಯಾರೋ ಸಣ್ಣಗೆ ಶಿಳ್ಳೆ ಹೊಡೆದರು. ಅವಳು ನಿಂತು ಆ ಕಡೆ ತಿರುಗಿ, “ನಮಸ್ಕಾರ, ಎಲ್ಲರಿಗೂ” ಅಂದಳು. ಅಭ್ಯಾಸಬಲದಿಂದ ಇಬ್ಬರು ಮುದುಕರು ಟೋಪಿ ತೆಗೆದರಂತೆ.

ಬಾಗಿಲಲ್ಲಿ ಅವಳನ್ನು ಕಂಡು ಪಿದ್ದಾಳ ಬಾಯಿ ತೆರೆದದ್ದು ಮುಚ್ಚಲಿಲ್ಲ. “ಲಿಲ್ಲೊ ಎಲ್ಲಿ?”

“ಓಣೀಲಿ ಇರ್ಬೇಕು, ನೋಡಿ” ಅಂದಳು ಅಕ್ಕ.

“ಶನಿವಾರ ಐದೂವರೆಗೆ ಮದುವೆ” ಅಂದ ಅಪ್ಪ.

“ಯಾರದ್ದಪ್ಪ? ನನ್ನದಲ್ಲ. ನಾನು ಹೋದ ಹಾಗೇ ಬಂದಿದ್ದೀನಿ. ನಂಬಿದ್ರೆ ನಂಬು, ಇಲ್ಲಾಂದ್ರೆ ಬಿಡು. ತಪ್ಪು ಮಾಡಿಲ್ಲ, ಅದಕ್ಕೆ ತಪ್ಪೊಪ್ಪಿಗೆ ಮದುವೆನೂ ಇಲ್ಲ.”

“ಮಗಳೇ, ಊರ ಬಾಯಿ…” ಪಾದ್ರಿ ಶುರು ಮಾಡಿದರು.

“ಊರ ಬಾಯಿಗೆ ನನ್ನನ್ನ ಹಾಕ್ಬೇಡಿ, ಫಾದರ್.”

ಅಪ್ಪ ಕೈ ಎತ್ತಿದ. ಅಕ್ಕ ಕದಲಲಿಲ್ಲ. ಆಗ ಒಲೆಯ ಹತ್ತಿರದಿಂದ ಅಮ್ಮನ ಧ್ವನಿ ಬಂತು.

“ಆ ಬಂಗಾರದ ಚರ್ಚು ಹೆಂಗಿತ್ತೆ, ವೆನೆರಾ?”

ಅಕ್ಕ ಮೊದಲ ಸಲ ತಡವರಿಸಿದಳು.

“ತುಂಬ ಚೆನ್ನಾಗಿತ್ತಮ್ಮ. ಒಂದು ಕಡೆ ದೇವರು ಕೆಲಸ ಮುಗಿಸಿ ಸುಸ್ತಾಗಿ ಕೂತಿದಾನೆ. ಅಪ್ಪನ ಥರ.”

ಅಪ್ಪನ ಕೈ ಎತ್ತಿದಲ್ಲೇ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಕೊನೆಗೆ ಟೋಪಿ ತೆಗೆದುಕೊಂಡು ಹೊರಗೆ ಹೋದ.

ಶನಿವಾರ ನಸುಕಿಗೆ ಅಪ್ಪ ಕಪ್ಪು ಕೋಟು ಹಾಕಿಕೊಂಡು ಸಿದ್ಧನಾಗಿದ್ದ. ಬಾಗಿಲು ತೆಗೆಯಲು ಹೋದರೆ ಬೀಗ. ಅಮ್ಮ ಅಡುಗೆಮನೆಯಲ್ಲಿ ಕೂತಿದ್ದಳು, ಕೀಲಿಕೈ ಅವಳ ಏಪ್ರನ್ನಿನ ಜೇಬಲ್ಲಿ.

“ಕೀಲಿ ಕೊಡು.”

“ಕೊಡಲ್ಲ.”

“ಫಾದರ್ ಕಾಯ್ತಿರ್ತಾರೆ.”

“ಕಾಯ್ಲಿ. ಅವರಿಗೇನು, ಬೆಳಿಗ್ಗೆ ಏಳೋ ಅಭ್ಯಾಸ ಇದೆ.”

ಅಷ್ಟು ವರ್ಷದಲ್ಲಿ ಅಮ್ಮ ಅಪ್ಪನಿಗೆ ಎದುರು ಮಾತಾಡಿದ್ದನ್ನು ನಾನು ಕಂಡಿದ್ದು ಅದೇ ಮೊದಲು. ಚರ್ಚಿನ ಹಿಂದಿನ ಕೋಣೆಯಲ್ಲಿ ಪಿದ್ದಾ, ಲಿಲ್ಲೊ, ಅವನ ಸೋದರಮಾವ ಏಳು ಗಂಟೆಯವರೆಗೆ ನಿಂತಿದ್ದರಂತೆ.

ಅಕ್ಕನ ಜೊತೆ ಅಪ್ಪ ಎಂಟು ತಿಂಗಳು ಮಾತಾಡಲಿಲ್ಲ. ಅವಳ ಹತ್ತಿರ ಹೊಲಿಗೆಗೆ ಬರುತ್ತಿದ್ದ ಊರವರ ಪ್ಯಾಂಟುಗಳು ನಿಂತವು. ಅವಳ ಹಾಗೆ ನೇರ ಹೊಲಿಗೆ ಹಾಕುವವರು ಸಿಗದೆ, ಆಲಿವ್ ಕೊಯ್ಲಿನ ಹೊತ್ತಿಗೆ ಮತ್ತೆ ಬಂದವು. ಲಿಲ್ಲೊ ಮರುವರ್ಷ ಪಕ್ಕದೂರಿನ ಹುಡುಗಿಯನ್ನು ಮದುವೆಯಾದ. ಅಕ್ಕನಿಗೆ ಗಂಡು ಸಿಕ್ಕಿದ್ದು ಮೂವತ್ತೊಂದಕ್ಕೆ, ತೆರ್ಮಿನಿಯ ಒಬ್ಬ ದೋಣಿ ಬಡಗಿ. ಅಲ್ಲಿಯವರೆಗೆ ಅವಳು ಅನುಭವಿಸಿದ್ದು ಕಡಿಮೆಯಲ್ಲ.

ಆದರೆ ಆ ವಾರದ ಭಾನುವಾರವನ್ನು ಹೇಳದೆ ಬಿಡಲಾರೆ. ಹನ್ನೊಂದು ಗಂಟೆಯ ಪೂಜೆ, ಊರಿಗೆ ಊರೇ ಸೇರುವ ಹೊತ್ತು. ಅಕ್ಕ ಮುಂಬಾಗಿಲಿನಿಂದ ಒಳಗೆ ಬಂದಳು, ಒಂದು ಪಕ್ಕ ಅಮ್ಮ, ಇನ್ನೊಂದು ಪಕ್ಕ ನಾನು. ಎರಡನೇ ಸಾಲಿನ ಬೆಂಚಿನ ತುದಿಯಲ್ಲಿ ನಾವು ಕೂತ ಕೂಡಲೇ ಅಲ್ಲಿದ್ದ ನಾಲ್ಕು ಹೆಂಗಸರು ಒಬ್ಬರ ಹಿಂದೆ ಒಬ್ಬರು ಎದ್ದು ಹಿಂದಕ್ಕೆ ಹೋದರು. ಇಡೀ ಬೆಂಚು ಖಾಲಿ. ನನ್ನ ಕಿವಿ ಬಿಸಿಯಾಯಿತು, ತಲೆ ತಗ್ಗಿಸಿದೆ.

ಅಕ್ಕ ನಡುವಿಗೆ ಸರಿದು, ಕೋಟು ಬಿಚ್ಚಿ ಪಕ್ಕಕ್ಕೆ ಹಾಸಿದಳು.

“ಬಾ ನಿನ್ಫಾ” ಅಂದಳು, ಹಿಂದಿನವರಿಗೂ ಕೇಳುವಷ್ಟು ದನಿಯಲ್ಲಿ. “ಜಾಗ ಆಯ್ತು. ಕಾಲು ಚಾಚಿ ಆರಾಮಾಗಿ ಕೂತ್ಕೊ.”