ಹೆಣದ ಪೆಟ್ಟಿಗೆ ಒರೆಸುವವನು

“ಮೂಲೇಲಿ ನೀರು ನಿಂತೈತೆ, ಬೆರಳಾಕಿ ತೆಗಿಯಲೇ ಕದರ! ನಿಮ್ಮಪ್ಪನ್ ಹೆಣ ಅಲ್ಲ ಅಂತ ಮೇಲ್ಮೇಲೆ ಒರಸ್ತೀಯ?”

ನಾಗಲಿಂಗಯ್ಯ ಡೈರಿಯ ಬಾಗಿಲಲ್ಲಿ ಮೂಗು ಮುಚ್ಚಿಕೊಂಡು ನಿಂತಿದ್ದ. ನಮ್ಮೂರ ಹಾಲಿನ ಡೈರಿಗೆ ಅವನೇ ಅಧ್ಯಕ್ಷ. ವಯಸ್ಸಿನಲ್ಲಿ ನನಗೆ ಮಗನಂತಿರುವವನು. ನಾನು ಫಿನಾಯಿಲ್ ಬಟ್ಟೆ ಹಿಡಿದು ಪೆಟ್ಟಿಗೆಯೊಳಕ್ಕೆ ಬಗ್ಗಿದ್ದೆ. ಹೆಣ ಕೆಡದಂತೆ ತಣ್ಣಗಿಡುವ, ಗಾಜಿನ ಮುಚ್ಚಳದ ಪೆಟ್ಟಿಗೆ ಅದು. ದೂರದ ಮಕ್ಕಳು ಬರುವ ತನಕ ಸತ್ತವರ ಮುಖ ಉಳಿಯಲಿ, ಊರಿಗೆಲ್ಲ ಆಗಲಿ ಎಂದು ಡೈರಿಯವರು ತರಿಸಿದ್ದರು. ನಮ್ಮ ಕಾಲೋನಿಯ ಎಮ್ಮೆಗಳ ಹಾಲೂ ಅದೇ ಡೈರಿಗೆ ಹೋಗುತ್ತದೆ.

ಹೆಣ ಮಲಗಿದ್ದ ಪೆಟ್ಟಿಗೆಯನ್ನು ಮೇಲಿನ ಕೇರಿಯವರು ತೊಳೆಯುವುದಿಲ್ಲ. ಆ ಕೆಲಸ ನನ್ನದು. ಮೂರು ವರ್ಷದಲ್ಲಿ ಅವರ ಹದಿನೇಳು ಹೆಣಗಳ ನೀರು ಒರೆಸಿದ್ದೇನೆ. ಪ್ರತಿ ಸಲವೂ ‘ನರಸಿಂಹಾ, ಈ ಜೀವಕ್ಕೆ ದಾರಿ ತೋರು’ ಎಂದುಕೊಳ್ಳುತ್ತಿದ್ದೆ. ಸತ್ತವರ ಮೇಲೆ ನನಗೆ ಸಿಟ್ಟಿರಲಿಲ್ಲ.

ಅದಾದ ಮೂರನೆಯ ದಿನ ನನ್ನ ಹೆಂಡತಿ ಮುನಿಯಮ್ಮ ತೀರಿಕೊಂಡಳು. ಚೈತ್ರದ ಬಿಸಿಲು. ಒಬ್ಬಳೇ ಮಗಳು ಬಿಂದುಶ್ರೀ ಮಂಗಳೂರಿನಲ್ಲಿ ನರ್ಸು. “ಅವ್ವನ ಮುಖ ನೋಡ್ಬೇಕಪ್ಪಾ. ನಾಳೆ ಮಧ್ಯಾಹ್ನಕ್ಕೆ ಬಂದ್ಬುಡ್ತೀನಿ, ಅಲ್ಲೀಗಂಟ ಮಡಗಿರು,” ಎಂದು ಫೋನಿನಲ್ಲಿ ಅತ್ತಳು. ನಾಗಲಿಂಗಯ್ಯನ ಮನೆಯ ಮುಂದೆ ಹೋಗಿ ಕೈಮುಗಿದೆ.

“ಪೆಟ್ಟಿಗೆ ಕೆಟ್ಟೋಗೈತೆ ಕಣ್ಲಾ.”

“ಮೊನ್ನೆ ನಾನೇ ಒರೆಸ್ದೆನಲ್ಲ ಸ್ವಾಮಿ. ನೀವೇ ಸ್ವಿಚ್ ಹಾಕಿ ನೋಡಿದ್ರಿ, ಗುಯ್ ಅಂತಿತ್ತು.”

“ಮೊನ್ನೆ ಗುಯ್ ಅಂತು, ನಿನ್ನೆ ಗಪ್ ಅಂತು. ನಿನ್ ಹೆಂಡ್ರೇನು ಮಹಾರಾಣಿನಾ, ದರ್ಶನಕ್ಕೆ ಮಡಗಾಕೆ? ವಾಸ್ನೆ ಹೊಡ್ಯೋಕ್ ಮುಂಚೆ ಮಣ್ ಮಾಡೋಗು.”

ಮಧುಗಿರಿಯ ಮೀನಂಗಡಿಯಿಂದ ಐಸು ತಂದು ಸುತ್ತ ಇಟ್ಟೆವು. ಬೆಳಗಾಗುವಷ್ಟರಲ್ಲಿ ಅದೆಲ್ಲ ಕರಗಿ ಚಾಪೆಯ ಕೆಳಗೆ ಹರಿದಿತ್ತು. ನೊಣ ಓಡಿಸುತ್ತ ಕುಳಿತೆ. ಮಧ್ಯಾಹ್ನ ಬಂದ ಮಗಳು ಹೊಸ್ತಿಲಲ್ಲೇ ದುಪಟ್ಟಾವನ್ನು ಮೂಗಿಗೆ ಒತ್ತಿಕೊಂಡಳು. ಒಡನೆಯೇ ನಾಚಿ ಕೈ ಕೆಳಗಿಳಿಸಿದಳು. ಅವಳು ಕಂಡ ಮುಖ ಅವಳ ಅವ್ವನದಾಗಿರಲಿಲ್ಲ.

ಆ ಸಂಜೆಯೇ ಮೇಲಿನ ಕೇರಿಯಲ್ಲಿ ಒಬ್ಬ ಮುದುಕ ಸತ್ತ. ಪೆಟ್ಟಿಗೆ ಗುಯ್ ಎಂದಿತು. ಮರುದಿನ ಒರೆಸಲು ನನಗೇ ಹೇಳಿಕಳುಹಿಸಿದರು. ನಾನು ಹೋಗಲಿಲ್ಲ.

ಮಗಳು ಅರ್ಜಿ ಬರೆದಳು. ಹದಿನೈದು ದಿನದ ಮೇಲೆ ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದು ಡೈರಿಯೊಳಗೇ ಸೌಹಾರ್ದ ಸಭೆ ನಡೆಸಿದರು. ಗೋಡೆಗೆ ‘ಮನ ಬಿಚ್ಚಿ ಮಾತಾಡೋಣ’ ಎಂಬ ಬ್ಯಾನರು. ಅದರ ಕೆಳಗೇ ಪೆಟ್ಟಿಗೆ.

“ಎಲ್ಲರೂ ಓಪನ್ನಾಗಿ ಮಾತಾಡಿ,” ಎಂದರು ಅಧಿಕಾರಿ. “ಆದರೆ ಜಾತಿ ಅನ್ನೋ ಪದ ಬೇಡ. ಸುಮ್ಮನೆ ಮನಸ್ಸು ಕೆಡುತ್ತೆ.”

ನಾಗಲಿಂಗಯ್ಯ ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. “ನಮ್ ಕದರಪ್ಪಣ್ಣ ನಮ್ಮನೆಯೋರಿದ್ದಂಗೆ ಸಾರ್. ಅವತ್ತು ಮಿಷಿನ್ ಕೆಟ್ಟಿತ್ತು, ಅಷ್ಟೇಯ.”

ಫೋಟೊ ತೆಗೆದರು. ನನ್ನ ಹೆಗಲಿಂದ ಕೈ ತೆಗೆದವನೇ ಅಂಗೈಯನ್ನು ಪಂಚೆಗೆ ಒರೆಸಿಕೊಂಡ.

ಹದಿನೇಳು ಹೆಣಗಳ ನೀರು ಒರೆಸುವಾಗ ಬಾರದ ಹೇಸಿಗೆ ಈಗ ಬಂತು.

“ಸಾರ್, ನಂಗೆ ಪರಿಹಾರ ಬ್ಯಾಡ, ಕ್ಷಮಾಪ್ಣೆ ಬ್ಯಾಡ,” ಎಂದೆ. “ಪೆಟ್ಟಿಗೆ ಯಾಕೆ ಕೊಡ್ಲಿಲ್ಲ ಅಂತ ಒಂದ್ ಮಾತು ನಿಜ ಹೇಳ್ಳಿ. ಕೇಳಿಸ್ಕೊಂಡು ಮನೀಗೋಯ್ತೀನಿ.”

“ಹೇಳಿದ್ರಲ್ಲಪ್ಪ, ಮಿಷಿನ್ ಕೆಟ್ಟಿತ್ತು ಅಂತ. ಬನ್ನಿ, ಇಲ್ಲೊಂದು ಸಹಿ ಹಾಕಿ,” ಎಂದು ಅಧಿಕಾರಿ ಕಾಗದ ಚಾಚಿದರು.

ಹಿಂದೆ ಯಾರೋ ಬಿಸ್ಕತ್ತು ಕಡಿದ ಸದ್ದಾಯಿತು.

ನಾನು ಚಪ್ಪಲಿ ಬಿಟ್ಟೆ. ಆ ಮುಚ್ಚಳ ಎತ್ತುವುದು ನನಗಿಂತ ಚೆನ್ನಾಗಿ ಯಾರಿಗೂ ತಿಳಿಯದು. ಒಳಗೆ ಕಾಲಿಟ್ಟು, ನರಸಿಂಹಾ ಎಂದು, ಅಂಗಾತ ಮಲಗಿದೆ. ಬಿಂದುಶ್ರೀ ಓಡಿ ಬಂದಳು.

“ಸ್ವಿಚ್ ಹಾಕು ಮಗಾ.”

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಗೋಡೆಯ ಕಡೆಗೆ ತಿರುಗಿದಳು. ಪೆಟ್ಟಿಗೆ ಗುಯ್ ಎಂದಿತು.

“ಏಳಲೇ ಹೊಲೆ ನನ್ಮಗನೆ!” ನಾಗಲಿಂಗಯ್ಯ ಕುರ್ಚಿ ಒದ್ದು ನುಗ್ಗಿ ಬಂದ. “ನಮ್ಮವ್ವ ಇವತ್ತೋ ನಾಳೆಯೋ ಅಂತವ್ಳೆ. ನೀನ್ ಮನಗಿದ್ ಜಾಗ್ದಾಗೆ ಅವ್ಳನ್ನ ಹೆಂಗ್ಲಾ ಮನಗಿಸ್ಲಿ? ನಿನ್ ಹೆಂಡ್ರಿಗೆ ಕೊಡ್ದೇ ಇದ್ದುದ್ದೇ ಅದಕ್ಕೆ ಕಣಲೇ!”

ಅಧಿಕಾರಿಯ ಪೆನ್ನು ನಿಂತಿತು.

“ಬರ್ಕಳಿ ಸಾರ್,” ಎಂದೆ, ಮಲಗಿದಲ್ಲಿಂದಲೇ. “ಈಗ ಓಪನ್ನಾಗಿ ಮಾತಾಡವ್ರೆ.”

ನನ್ನನ್ನು ಎಬ್ಬಿಸಬೇಕಾದರೆ ಮುಟ್ಟಿ ಎಳೆಯಬೇಕು. ಮೇಲಿನ ಕೇರಿಯ ಗಂಡಸರು ಪೆಟ್ಟಿಗೆಯ ಸುತ್ತ ಬಂದು ನಿಂತರು. ಫೋಟೊದವನು ಆಗಲೇ ಕ್ಯಾಮೆರಾ ಚೀಲಕ್ಕೆ ಹಾಕಿಕೊಂಡಿದ್ದ. ಯಾರ ಕೈಯೂ ಮುಂದೆ ಬರಲಿಲ್ಲ.

ಬೆನ್ನ ಕೆಳಗೆ ತಗಡು ತಣ್ಣಗಾಗತೊಡಗಿತು.