ಏನೂ ಅನ್ನದ ಕಂಪ್ಯೂಟರ್

ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದು ದುಡಿದು ಅಕ್ಕನ ಕೈ ಬ್ಲೀಚಿಗೆ ಬಿರುಕು ಬಿಟ್ಟಿತ್ತು. ಉಪ್ಪು ಮುಟ್ಟಿದರೆ ಉರಿ ನೆತ್ತಿಗೇರುತ್ತಿತ್ತು. ದಾಖಲೆ ವಿಭಾಗದಲ್ಲಿ ಕಂಪ್ಯೂಟರ್ ಕೆಲಸ ಖಾಲಿ ಇದೆ, ಒಂದು ಚಿಕ್ಕ ಪ್ರೋಗ್ರಾಂ ಬರೆದು ತೋರಿಸಿದರೆ ಒಳಗಿನವರಿಗೇ ಕೊಡುತ್ತಾರೆ ಎಂದು ಗೊತ್ತಾದಾಗ ಅವಳು ಹೆಸರು ಕೊಟ್ಟಳು. ವಯಸ್ಸಿನ ಲೆಕ್ಕದಲ್ಲಿ ಅದೇ ಕೊನೆಯ ಅವಕಾಶ.

"ಇವಳಿಗೆ ಇದೊಂದು ಕೇಡು," ಎಂದು ಗಂಡ ನಕ್ಕ. ತಮ್ಮ ನಗಲಿಲ್ಲ. ತನ್ನ ಹಳೇ ಕಂಪ್ಯೂಟರ್ ಹೊತ್ತು ತಂದು ಅಡುಗೆಮನೆಯ ಮೇಜಿನ ಮೇಲಿಟ್ಟು, "ಬಾರಕ್ಕ, ಇದೇನು ಬ್ರಹ್ಮವಿದ್ಯೆ ಅಲ್ಲ," ಎಂದ.

ಪಾಪ, ಚೆನ್ನಾಗಿಯೇ ಕಲಿಸಿದ. ಪ್ರೋಗ್ರಾಂ ಬರೆದು ಉಳಿಸಬೇಕು. ಆಮೇಲೆ ಕಪ್ಪು ಪರದೆಯಲ್ಲಿ ಆಜ್ಞೆ ಟೈಪಿಸಿ ಕಂಪೈಲ್ ಮಾಡಬೇಕು, ಅಂದರೆ ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸಬೇಕು. ತಪ್ಪಿದ್ದರೆ ಯಾವ ಸಾಲೆಂದು ಅದೇ ಗೊಣಗುತ್ತಿತ್ತು. ಇಲ್ಲದಿದ್ದರೆ ‘ಸರಿಯಾಗಿದೆ’ ಎಂದು ಹಸಿರು ಅಕ್ಷರ ಮೂಡುತ್ತಿತ್ತು. ಅದನ್ನು ಕಂಡ ಮೇಲೆಯೇ ಅಕ್ಕ ಪ್ರೋಗ್ರಾಂ ಓಡಿಸುತ್ತಿದ್ದಳು.

ಪರೀಕ್ಷೆಯಲ್ಲಿ ಎರಡು ಸಂಖ್ಯೆ ಕೂಡಿಸುವ ಪ್ರೋಗ್ರಾಂ ಕೇಳಿದರು. ನೀರು ಕುಡಿದಷ್ಟು ಸುಲಭ! ಬರೆದಳು, ಕಂಪೈಲ್ ಮಾಡಿದಳು. ಪರದೆ ಏನೂ ಅನ್ನಲಿಲ್ಲ. ಮತ್ತೊಮ್ಮೆ ಮಾಡಿದಳು. ಊಹೂಂ. ಓಡಿಸಿಯಾದರೂ ನೋಡಬಾರದಿತ್ತೇ ಎನ್ನುತ್ತೀರಿ. ಹಸಿರು ಅಕ್ಷರ ಬಾರದೆ ಓಡಿಸಿ ಅವಳಿಗೆ ಗೊತ್ತೇ ಇರಲಿಲ್ಲವಲ್ಲ! ಎಲ್ಲೋ ಎಡವಟ್ಟಾಗಿದೆ ಎಂದುಕೊಂಡು ನೆಟ್ಟಗಿದ್ದ ಸಾಲನ್ನೇ ಅಳಿಸಿದಳು, ಇನ್ನೊಂದನ್ನು ತಿದ್ದಿದಳು. ಆಗ ಪರದೆಯ ತುಂಬ ತಪ್ಪುಗಳು ಬಂದವು. ಸರಿಪಡಿಸಲು ಹೋಗಿ ಇನ್ನಷ್ಟು ಗೋಜಲಾಯಿತು. ಅಷ್ಟರಲ್ಲಿ ಸಮಯ ಮುಗಿಯಿತು. ಮೇಲ್ವಿಚಾರಕಿ ಬಗ್ಗಿ ನೋಡಿ, "ಆಯ್ತು, ಏಳಿ," ಎಂದರು.

ತಮ್ಮ ಆಸ್ಪತ್ರೆಯ ಗೇಟಿನ ಬಳಿ ಕಾಯುತ್ತಿದ್ದ. "ಏನಾಯ್ತಕ್ಕ?"

"ಕಂಪೈಲೇ ಆಗ್ಲಿಲ್ಲ ಕಣೋ. ಎರಡು ಸಲ ಮಾಡಿದ್ರೂ ಏನೂ ಅನ್ನದೆ ಸುಮ್ನೆ ಇತ್ತು, ಹಾಳಾದ್ದು."

"ಸುಮ್ನಿದ್ರೆ ಸರಿ ಇದೆ ಅಂತಲೇ ಅಕ್ಕ! ತಪ್ಪಿದ್ರೆ ಮಾತ್ರ ಅದು ಬಾಯಿ ಬಿಡೋದು."

"ಮತ್ತೆ ಆ ಹಸಿರು ಅಕ್ಷರ?"

ತಮ್ಮನ ಮುಖ ಬಿಳಿಚಿಕೊಂಡಿತು. "ಅದು... ನನ್ನ ಕಂಪ್ಯೂಟರಿಗೆ ನಾನೇ ಸೇರಿಸಿದ್ದು. ನಿಂಗೆ ಧೈರ್ಯ ಬರ್ಲಿ ಅಂತ."

ಅಕ್ಕ ಅವನನ್ನೇ ನೋಡಿದಳು. ಅವಳಿಗಾಗಿ ಇಷ್ಟು ಒದ್ದಾಡಿದವನು ಅವನೊಬ್ಬನೇ. ಆ ಗಳಿಗೆಯಲ್ಲಿ ಅವಳಿಗೆ ಅವನಷ್ಟು ಬೇಡವಾದವರು ಲೋಕದಲ್ಲಿ ಇನ್ನೊಬ್ಬರಿರಲಿಲ್ಲ.

"ನಿನ್ನ ಕನಿಕರ ಯಾರೋ ಕೇಳಿದ್ರು?" ಎಂದಳು.

"ತಪ್ಪಾಯ್ತಕ್ಕ. ಮನೆಗೆ ಹೋಗೋಣ ಬಾ."

"ನೀನು ಹೋಗು. ನಂಗೆ ಮಧ್ಯಾಹ್ನದ ಪಾಳಿ ಇದೆ."

ಸೆರಗು ಸಿಕ್ಕಿಸಿಕೊಂಡು ಅವಳು ಒಗೆಯುವ ಕೋಣೆಯ ಕಡೆ ನಡೆದಳು.