ಎಡಮುಖದ ಹಿಟ್ಟು

ಹಿತ್ತಾಳೆಯ ಪುಟ್ಟ ಬಟ್ಟಲಲ್ಲಿ ಕಲಸಿಟ್ಟ ರವೆಯ ಹಿಟ್ಟು, ಅದರ ಮೇಲೆ ಮೂರು ಬೆರಳಿನ ಗುರುತು. ಅಲಮೇಲಮ್ಮನವರನ್ನು ನೆನೆದಾಗಲೆಲ್ಲ ನನಗೆ ಮೊದಲು ಕಾಣುವುದು ಅದೇ. ಅವರ ಪತಿ ವರದಾಚಾರ್ಯರು ಕಚೇರಿಗೆ ಕೂರುವ ಮುನ್ನ ಆ ಹಿಟ್ಟನ್ನು ಮೃದಂಗದ ಎಡಮುಖಕ್ಕೆ ಮೆತ್ತುತ್ತಿದ್ದರು. ಅದಿಲ್ಲದೆ ಎಡಗೈಗೆ ಗುಮ್ಮೆನ್ನುವ ನಾದ ಬರುವುದಿಲ್ಲ. ನಲವತ್ತು ವರ್ಷ ಅದನ್ನು ಕಲಸಿಕೊಟ್ಟವರು ಅಲಮೇಲಮ್ಮ.

ಆಚಾರ್ಯರ ಕೊನೆಯ ಕಚೇರಿಯನ್ನು ಧ್ವನಿಮುದ್ರಿಸಿದವನು ನಾನು. ಅಂದು ಎಡಮುಖ ಸರಿಯಾಗಿ ನುಡಿಯಲಿಲ್ಲ. "ಹಿಟ್ಟು ಕೆಟ್ಟಿತ್ತು" ಎಂದು ಅವರು ಎಲ್ಲರೆದುರೇ ಹೇಳಿಬಿಟ್ಟರು. ಅಲಮೇಲಮ್ಮ ತಲೆ ತಗ್ಗಿಸಿ ನಿಂತಿದ್ದರು. ನಾಲ್ಕು ತಿಂಗಳಿಗೆ ಆಚಾರ್ಯರು ತೀರಿಕೊಂಡರು.

ಎರಡು ವರ್ಷದ ಬಳಿಕ ಆಕೆ ನನ್ನ ಸ್ಪೀಕರ್ ಅಂಗಡಿಗೆ ಬಂದರು.

"ಆವತ್ತಿನ ಕಚೇರಿನ ಮನೇಲಿ ಕೂತು ಕೇಳ್ಬೇಕು ಕಣಪ್ಪ, ಒಳ್ಳೆ ಸ್ಪೀಕರ್ ಕೊಡು. ಹಿಟ್ಟಲ್ಲಿ ಏನು ತಪ್ಪು ಮಾಡಿದ್ದೆ ಅಂತ ಗೊತ್ತಾಗ್ಬೇಕು. ಅವತ್ತಿಂದ ಮನೆಗೆ ರವೆಯನ್ನೇ ತಂದಿಲ್ಲ ನಾನು."

ನಾನು ಎರಡು ಚಿಕ್ಕ ಸ್ಪೀಕರುಗಳನ್ನು ಜೋಡಿಸಿ, ತಗ್ಗು ನಾದವನ್ನಷ್ಟೇ ನುಡಿಸುವ, ಮೂಲೆಯಲ್ಲಿದ್ದ ಸಬ್‌ವೂಫರನ್ನು ಬೇಕೆಂದೇ ಜೋರು ಮಾಡಿದೆ. ಆ ಗುಂಯ್‌ಗುಡುವಿಕೆಯಲ್ಲಿ ತಪ್ಪು ಒಪ್ಪು ಎರಡೂ ಮುಚ್ಚಿಹೋಗುತ್ತವೆ ಎಂಬುದು ನನ್ನ ಲೆಕ್ಕ. ನಲವತ್ತು ವರ್ಷ ಆ ನಾದವನ್ನೇ ಉಂಡ ಕಿವಿಗೆ ಮಂಕುಬೂದಿ ಎರಚಲು ಹೊರಟಿದ್ದೆ.

"ಬಲಗೈ ಇಲ್ಲಿ, ಎಡಗೈ ಆ ಮೂಲೇಲಿ. ಒಬ್ಬರೇ ಕೂತು ನುಡಿಸಿದ ಹಾಗಿಲ್ವಲ್ಲ" ಎಂದರು ಆಕೆ. "ಆ ದೊಡ್ಡವನ್ನ ಹಾಕು."

ದೊಡ್ಡವೆಂದರೆ ಎದೆಯೆತ್ತರದ ಫುಲ್‌ರೇಂಜ್ ಸ್ಪೀಕರುಗಳು. ಅವು ಏನನ್ನೂ ಮುಚ್ಚಿಡುವುದಿಲ್ಲ.

"ನಿಮ್ಮ ಕೋಣೆಗೆ ಅವು ಹಿಡಿಸಲ್ಲಮ್ಮ."

"ಹಾಕು."

ತೊಡೆಯ ಮೇಲೆ ತಾಳ ಹಾಕುತ್ತ ಕೇಳಿದರು. ಮೃದಂಗವೊಂದೇ ನುಡಿಯುವ ತನಿಯ ನಡುವೆ ಅವರ ಕೈ ನಿಂತಿತು.

"ನುಡಿದ ಕಡೆ ನಾದ ಸರಿಯಾಗೇ ಇದೆ. ಹಿಟ್ಟು ಕೆಟ್ಟಿದ್ರೆ ನಾದ ಕೆಡುತ್ತೆ, ಪೆಟ್ಟು ಹೋಗಲ್ಲ. ಇಲ್ಲಿ ಪೆಟ್ಟೇ ಬಿದ್ದಿಲ್ಲ." ನನ್ನ ಕಡೆ ತಿರುಗಿ ಕೇಳಿದರು, "ಅವರಿಗೆ ಕೈ ಏಳ್ತಿರಲಿಲ್ವಾ?"

ಹೇಳಿಬಿಟ್ಟೆ. ಅಂದು ವೇದಿಕೆಯ ಹಿಂದೆ ಆಚಾರ್ಯರು ನನ್ನ ಮುಂಗೈ ಹಿಡಿದು, "ಎಡಗೈ ಸೋತಿದೆ ಕಣೋ. ಗೊತ್ತಾದ್ರೆ ಯಾರೂ ಕಚೇರಿಗೆ ಕರೆಯಲ್ಲ. ಅವಳಿಗಂತೂ ಹೇಳ್ಬೇಡ" ಎಂದಿದ್ದರು. ಕೊಟ್ಟ ಮಾತು ಉಳಿಸಿಕೊಂಡೆನೆಂದು ಬೀಗುತ್ತಿದ್ದವನಿಗೆ ಈಗ ಮುಖವೆತ್ತಲಾಗಲಿಲ್ಲ.

ಆಕೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ತಪ್ಪು ಮಾಡಿದೋಳು ಅಂತ ಅವರ ಹತ್ರ ಕೂರೋದಕ್ಕೂ ಹೆದರ್ತಿದ್ದೆ. ಹೇಳಿದ್ದಿದ್ರೆ ಆ ಕೈ ನೀವಿ ಕೊಡ್ತಿದ್ನಲ್ಲಪ್ಪ. ನಾಲ್ಕು ತಿಂಗಳು ಇತ್ತು."

ಮರುದಿನ ದೊಡ್ಡ ಸ್ಪೀಕರುಗಳನ್ನು ಅವರ ಮನೆಯಲ್ಲಿ ಜೋಡಿಸಿದೆ. ಗೋಡೆಗೆ ಒರಗಿರುತ್ತಿದ್ದ ಆಚಾರ್ಯರ ಮೃದಂಗ ಅಲಮೇಲಮ್ಮನವರ ಮುಂದಿತ್ತು. ಪಕ್ಕದಲ್ಲಿ ಹಿತ್ತಾಳೆಯ ಬಟ್ಟಲು, ಆಗಷ್ಟೇ ಕಲಸಿದ ರವೆಯ ಮೇಲೆ ಮೂರು ಬೆರಳಿನ ಗುರುತು. ಸ್ಪೀಕರುಗಳಲ್ಲಿ ಆ ಕೊನೆಯ ಕಚೇರಿ ಶುರುವಾಯಿತು. ಎಡಗೈ ಬಾರದ ಕಡೆಗಳಲ್ಲೆಲ್ಲ ಆಕೆ, ಹಿಟ್ಟು ಮೆತ್ತಿದ ಎಡಮುಖದ ಮೇಲೆ ತಮ್ಮ ಅಂಗೈಯನ್ನು ಮೆಲ್ಲಗೆ ಹಾಕುತ್ತ ಹೋದರು.